ವಂಶಾವಳಿಗಳ ಪ್ರಾಮಾಣ್ಯವಿಚಾರ

ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿರುವ ಇಲವಾಲದಂತಹ ಗ್ರಾಮದ ಹಳೆಯ ಮನೆತನದವರೊಬ್ಬರು ತಮ್ಮ ಪೂರ್ವಿಕರ ಪರಂಪರೆಯನ್ನು ಬರೆದಿಡಲು ಹೊರಟರೆ, ಅವರ ಕಣ್ಣೆದುರಿಗೆ ಮೊದಲು ನಿಲ್ಲುವ ಮೇಲ್ಪಂಕ್ತಿಯು ಮೈಸೂರು ಅರಸರ ವಂಶಾವಳಿಯೇ. ಈ ಜಾತಿಯ ಗ್ರಂಥಗಳನ್ನು ಸಾಹಿತ್ಯದೃಷ್ಟಿಯಿಂದ ಹೊಗಳಿರುವವರುಂಟು. ಚರಿತ್ರದೃಷ್ಟಿಯಿಂದ ಕಟ್ಟುಕಥೆಯೆಂದು ತಳ್ಳಿರುವವರೂ ಉಂಟು. ಅವುಗಳಲ್ಲಿ ನಂಬತಕ್ಕ ಭಾಗವಾವುದು, ನಂಬತಗದ ಭಾಗವಾವುದು ಎಂಬುದನ್ನು ಗ್ರಂಥದ ರಚನೆಯಿಂದಲೇ ಎಷ್ಟುಮಟ್ಟಿಗೆ ನಿರ್ಣಯಿಸಬಹುದೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಚಿಕದೇವರಾಜ ಒಡೆಯರ (1673–1704) ಸಹಪಾಠಿಯೂ ಮಂತ್ರಿಯೂ ಆಗಿದ್ದ ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ಯು ಕನ್ನಡದ ಪ್ರೌಢ ಗದ್ಯಕ್ಕೆ ಒಳ್ಳೆಯ ನಿದರ್ಶನವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ದ್ವಾರಕೆಯ ಯಾದವರು ಯದುಗಿರಿಯ ನಾರಾಯಣನ ಸೇವೆಗೆಂದು ಬಂದು ಈ ಸೀಮೆಯಲ್ಲಿ ನೆಲಸಿದರೆಂಬುದು ಅಲ್ಲಿನ ಕಥನ. ಯದುಗಿರಿಯೆಂದರೆ ಮೇಲುಕೋಟೆ, ಕವಿಯೋ ಶ್ರೀವೈಷ್ಣವ. 1810ರಲ್ಲಿ ತನ್ನ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ವಿಲ್ಕ್ಸನಾದರೋ, ವಿಜಯ, ಕೃಷ್ಣ ಎಂಬ ಇಬ್ಬರು ಯಾದವ ತರುಣರು ವಿಜಯನಗರದ ಆಸ್ಥಾನವನ್ನು ಬಿಟ್ಟು ದಕ್ಷಿಣಕ್ಕೆ ಬಂದರೆಂದು ಬರೆದಿದ್ದಾನೆ. 1916ರಲ್ಲಿಯೂ 1922ರಲ್ಲಿಯೂ ಎರಡು ಭಾಗಗಳಾಗಿ ಅಚ್ಚಾದ ಅರಮನೆಯ ವಂಶಾವಳಿಯಲ್ಲಿ ಹೊರಟ ಸ್ಥಳವು ಮರಳಿ ದ್ವಾರಕೆ, ಮೂಲಪುರುಷನು ಯದುರಾಯ, ಕಾಲ 1399. ಆದರೆ ಕಾರುಗಹಳ್ಳಿಯ ನಾಯಕನು ಬಲಾತ್ಕಾರದಿಂದ ಕೋರಿದ ಕನ್ಯೆಯನ್ನು ಕಾಪಾಡಿ ವರಿಸಿದ ಪ್ರಸಂಗವು ವಿಲ್ಕ್ಸನಲ್ಲಿಯೂ ಅರಮನೆಯ ಗ್ರಂಥದಲ್ಲಿಯೂ ಅಚಲವಾಗಿ ನಿಂತಿದೆ. ಬಂದು ಸೇರಿದ ಸೀಮೆ ಒಂದೇ, ಹೊರಟ ಊರು ಮಾತ್ರ ಬೇರೆ ಬೇರೆ. ಬೆಸುಗೆ ಬಿದ್ದಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಬೆಸುಗೆಯಿಂದ ಹಿಂದಕ್ಕೆ ಹೋದರೆ ಅತ್ರಿ, ಚಂದ್ರ, ಬುಧ, ಪುರೂರವ, ಯಯಾತಿ, ಯದು ಎಂಬ ಪುರಾಣದ ಸಾಲು ಸಿದ್ಧವಾಗಿಯೇ ಇದೆ. ಒಡೆಯರದು ಆತ್ರೇಯ ಗೋತ್ರವಾದುದರಿಂದ ಅದು ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಹೊಯ್ಸಳರೂ ಸೇವುಣರೂ ವಿಜಯನಗರದ ಸಂಗಮರೂ ಯದುವಿನ ವಂಶದವರೆಂದೇ ಹೇಳಿಕೊಂಡರು. ತುಳುವರು ಯದುವಿನ ತಮ್ಮನಾದ ತುರ್ವಸುವನ್ನು ಹಿಡಿದರು. ಇಷ್ಟು ಮಂದಿಗೆ ಸಾಧಾರಣವಾದ ಮಾತು ಅವರಲ್ಲೊಬ್ಬರ ವಿಷಯದಲ್ಲಿ ವಿಶೇಷವಾಗಿ ಏನನ್ನೂ ಸ್ಥಾಪಿಸಲಾರದು. ಅದು ಶಾಸನದ ಮಂಗಳಶ್ಲೋಕದಂತೆ ಮರ್ಯಾದೆಯ ಅಂಗ. ಸುಳ್ಳೆಂದು ರೇಗುವುದೂ ಅನಾವಶ್ಯಕ.

ಬೆಸುಗೆಯ ಈಚಿನ ಭಾಗವೇ ಬೇರೆ. ಅರಮನೆಯ ಎಣಿಕೆಯಂತೆ ಯದುರಾಯನಿಂದ ತೊಡಗಿ ರಾಜ ಒಡೆಯರಿಗೆ (1578–1617) ಹಿಂದೆ ಎಂಟು ಮಂದಿ ಅರಸರು; ಅವರಲ್ಲಿ ಐವರು ಚಾಮರಾಜರು, ಇಬ್ಬರು ತಿಮ್ಮರಾಜರು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಸಂಪ್ರದಾಯದಲ್ಲಿ ಇಬ್ಬರು ಒಬ್ಬರಾಗುವ, ಒಬ್ಬರು ಇಬ್ಬರಾಗುವ ಅಪಾಯವು ಎಡೆಬಿಡದೆ ಇರುತ್ತದೆ. ಇವರನ್ನು ಬೇರ್ಪಡಿಸಿ ತೋರಿಸಿರುವುದು ಬಿರುದಾವಳಿಯಲ್ಲ, ಅಡ್ಡಹೆಸರುಗಳು: ಒಬ್ಬನು ಆರುಬೆರಳಿನವನು, ಇನ್ನೊಬ್ಬನು ಬೋಳ. ಸಿಡಿಲು ತಗಲಿ ಬೋಳ ಚಾಮರಾಜನ ಕೂದಲು ಹೋಯಿತು, ಪ್ರಾಣ ಉಳಿಯಿತು ಎಂಬ ಐತಿಹ್ಯವುಂಟು. ಹೆಸರು ಮೊದಲು, ಅದನ್ನು ಗೌರವಗೊಳಿಸುವ ಕಥೆ ಆಮೇಲೆ ಎಂದು ಊಹಿಸುವುದು ಯುಕ್ತ. ಸ್ತುತಿಗೆ ಬೇಡವಾಗಿದ್ದರೂ ಉಳಿದುಬಂದಿರುವ ಇಂತಹ ವಿವರಗಳೇ ಸಂಶೋಧಕನಿಗೆ ಬೆಲೆಯುಳ್ಳವು. ವಿದ್ಯಾರ್ಥಿಗಳಿಗೆ ತಿರುಮಲಾರ್ಯನ ಗದ್ಯವನ್ನು ಪಾಠ ಹೇಳುವವರು ಅದರ ಸಮಾಸಗಳಿಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಇತ್ತಲೂ ಕೊಟ್ಟರೆ ಒಳ್ಳೆಯದು.

ದತ್ತಕದ ವಿಷಯವನ್ನೂ ಮರೆಯಲಾಗದು. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡುದು ಲೋಕಪ್ರಸಿದ್ಧ. ದಾಖಲೆಗಳು ತುಂಬಿದ ಆ ಕಾಲದಲ್ಲಿ ಔರಸನೂ ದತ್ತನೂ ಬೇರೆಯಾಗಿ ಕಾಣುತ್ತಾರೆ. ಹಳೆಯ ವಂಶಾವಳಿಯ ‘ತತ್ಪುತ್ರ’ ಎಂಬ ಒಂದೇ ಪದದಲ್ಲಿ ಆ ಭೇದವು ಅಡಗಿಹೋಗಬಹುದು.

ಅರಮನೆಯಿಲ್ಲದ ಮನೆಗಳಿಗೆ ತಿರುಮಲಾರ್ಯನ ಸ್ಥಾನದಲ್ಲಿರುವವರು ಹೆಳವರು. ಕಂಬಳಿಯಿಂದ ಕಾಲು ಮುಚ್ಚಿಕೊಂಡು, ಎತ್ತನ್ನೇರಿ ಊರಿಗೆ ಬಂದು, ಮನೆಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುವ ಬಳ್ಳಾರಿಯ ಹೆಳವರನ್ನು ಥರ್ಸ್ಟನ್ ತನ್ನ 1909ರ ಗ್ರಂಥದಲ್ಲಿ ವರ್ಣಿಸಿದ್ದಾನೆ. ಇವರೂ ಕೇಳುವವನಿಂದಲೇ ದಾನ ಪಡೆಯುವವರು. ಆದಕಾರಣ ಆಸ್ಥಾನಕವಿಯಷ್ಟೇ ಶಂಕಾಸ್ಪದರೆಂದು ಕೆಲವರು ವಾದಿಸಬಹುದು. ಆದರೆ ಒಂದು ಭೇದವಿದೆ. ಹೆಳವನು ಅಣ್ಣನ ಮನೆಯಲ್ಲಿ ಹೇಳಿದುದನ್ನೇ ಬೇರೆ ಊರಿಗೆ ಹೋದ ತಮ್ಮನ ಮನೆಯಲ್ಲಿಯೂ ಹೇಳಬೇಕು. ಇಬ್ಬರೂ ಮದುವೆಯಲ್ಲೋ ತಿಥಿಯಲ್ಲೋ ಸೇರಿದಾಗ ಪಾಠಾಂತರವು ಬಯಲಾಗುತ್ತದೆ. ತಿರುಮಲಾರ್ಯನಿಗೆ ಅಂತಹ ಎರಡನೆಯ ಮನೆಯಿರಲಿಲ್ಲ.

ಇನ್ನು ಇಲವಾಲದ ಮನೆತನದ ಮಾತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ರೆಸಿಡೆಂಟರ ಬಂಗಲೆಯಿದ್ದ ಈ ಊರು ಇಂಗ್ಲಿಷ್ ಕಾಗದಗಳಲ್ಲಿ ‘ಯೆಲ್ವಾಲ್’ ಆಯಿತು. ಕನ್ನಡದಲ್ಲಿಯೂ ಇಲವಾಲ, ಯಲವಾಲ ಎಂಬ ರೂಪಗಳುಂಟು. ಹೀಗಾಗಿ ಒಂದೇ ಮನೆಯ ಎರಡು ಕವಲುಗಳು ಹೆಸರಿನ ಮೊದಲಕ್ಷರದಲ್ಲಿಯೇ ಬೇರೆಯಾಗಿ ತೋರಬಹುದು. ಇದಕ್ಕೆ ವಿಪರ್ಯಯವಾಗಿ, ಇಬ್ಬರ ಹೆಸರಿನ ಹಿಂದೆಯೂ ‘ಇಲವಾಲ’ವಿದ್ದ ಮಾತ್ರಕ್ಕೆ ಅವರು ಜ್ಞಾತಿಗಳೆಂದು ನಿರ್ಣಯಿಸಲಾಗದು. ಊರಿನಲ್ಲೇ ಇರುವವನನ್ನು ಇಲವಾಲದವನೆಂದು ಯಾರು ಕರೆದಾರು? ಊರು ಬಿಟ್ಟ ಮೇಲೆ ಅಂಟುವ ಹೆಸರದು. ವಲಸೆಗೆ ಸಾಕ್ಷಿ, ರಕ್ತಸಂಬಂಧಕ್ಕಲ್ಲ. ಮನೆದೇವರೂ ಗೋತ್ರವೂ ಬೆಡಗೂ ಸ್ವಲ್ಪ ನೆರವಾಗುತ್ತವೆ. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತರ ಹೆಸರು ದೊರೆಯುತ್ತದೆ, ಅಷ್ಟರಿಂದಾಚೆಗಿಲ್ಲ. ಇವೆಲ್ಲಕ್ಕಿಂತ ನಾನು ಹೆಚ್ಚಾಗಿ ನಂಬುವುದು ಸೂತಕವನ್ನು. ಆ ಮನೆಯಲ್ಲಿ ಹುಟ್ಟು ಸಾವುಗಳಾದಾಗ ಈ ಮನೆಯವರು ಎಷ್ಟು ದಿನ ಸೂತಕ ಹಿಡಿಯುತ್ತಿದ್ದರೆಂದು ಮನೆಯ ಹಿರಿಯ ಹೆಂಗಸರನ್ನು ಕೇಳಬೇಕು. ಅಷ್ಟು ದಿನಗಳ ತೊಡಕನ್ನು ದಾಯಾದಿಗಳಲ್ಲದವರಿಗಾಗಿ ಯಾರೂ ಹೊತ್ತುಕೊಳ್ಳುತ್ತಿರಲಿಲ್ಲ.