ಮಾರುತಗಳ ನಡುವಣ ಕಡಲು: ವಿರ್ಟ್ಕಿಯವರ ಲೇಖನವನ್ನು ಕುರಿತು

ಹಿಂದೂ ಮಹಾಸಾಗರದ ಚರಿತ್ರೆಯನ್ನು ಬೋಧಿಸುವಾಗ ನಾವು ವರ್ಷವನ್ನು ಎರಡಾಗಿ ವಿಂಗಡಿಸುವುದು ರೂಢಿ: ನೈಋತ್ಯ ಮಾರುತದ ಕಾಲ, ಈಶಾನ್ಯ ಮಾರುತದ ಕಾಲ. ಇವೆರಡರ ನಡುವಣ ತಿಂಗಳುಗಳು ನಾವಿಕನು ಗಾಳಿಗಾಗಿ ಕಾದು ಕುಳಿತ ಬರಿಯ ವಿರಾಮವೆಂಬ ಭಾವನೆ ಇದರಿಂದ ಬೆಳೆದಿದೆ. ಅರಬ್ಬೀ ಸಮುದ್ರದ ಮಟ್ಟಿಗೆ ಈ ವಿಭಾಗವು ಬಹುಮಟ್ಟಿಗೆ ಸರಿಯೇ. ಭೂಮಧ್ಯರೇಖೆಯ ಬಳಿ ಮಾತ್ರ ಅದು ನಿಲ್ಲಲಾರದು. ಕ್ಲೌಸ್ ವಿರ್ಟ್ಕಿಯವರು 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನವು ಚರಿತ್ರೆಯ ವಿದ್ಯಾರ್ಥಿಗೂ ವಿಚಾರಾರ್ಹವಾಗಿರುವುದು ಈ ಕಾರಣದಿಂದ.

ಲೇಖನದ ಪ್ರತಿಪಾದನೆ ಸರಳವಾದುದು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಭೂಮಧ್ಯರೇಖೆಯ ಗುಂಟ ಪಶ್ಚಿಮದಿಂದ ಗಾಳಿ ಬೀಸುತ್ತದೆ. ಭೂಭ್ರಮಣವು ನೀರನ್ನು ಪಕ್ಕಕ್ಕೆ ತಿರುಗಿಸುವ ಪರಿಣಾಮವು ಆ ರೇಖೆಯಲ್ಲಿ ಇಲ್ಲವಾಗುವುದರಿಂದ, ಮೇಲ್ನೀರು ಗಾಳಿಯ ದಿಕ್ಕಿಗೇ ನುಗ್ಗಿ ಪೂರ್ವಾಭಿಮುಖವಾದ ಕಿರಿದಾದ ಪ್ರವಾಹವಾಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 1 ಮೀಟರು. ಎಂದರೆ ಹಾಯಿಯಿಲ್ಲದ ದೋಣಿಯನ್ನೂ ದಿನಕ್ಕೆ 86 ಕಿಲೋಮೀಟರುಗಳಷ್ಟು ಸುಮಾತ್ರದ ಕಡೆಗೆ ಒಯ್ಯಬಲ್ಲ ಶಕ್ತಿ. ನಾವು ವಿರಾಮವೆಂದ ಕಾಲದಲ್ಲಿಯೇ ಈ ಕಡಲು ಅತ್ಯಂತ ಚಂಚಲ!

ಲೇಖನದ ಹಿರಿಮೆ ಅದರ ಆಕರಗಳಲ್ಲಿದೆ. ಹಿಡಿದ ದಿಕ್ಕು, ವೇಗಗಳಿಂದ ಲೆಕ್ಕಹಾಕಿದ ಹಡಗಿನ ಸ್ಥಾನಕ್ಕೂ ವೀಕ್ಷಣೆಯಿಂದ ನಿಶ್ಚಯಿಸಿದ ಸ್ಥಾನಕ್ಕೂ ನಡುವಣ ಅಂತರವನ್ನು ನಾವಿಕರು ಬರೆದಿಡುತ್ತಿದ್ದರು. ಇಂಥ ದಾಖಲೆಗಳ ರಾಶಿಯಲ್ಲಿ ಅಡಗಿದ್ದ ಪ್ರವಾಹವನ್ನು ವಿರ್ಟ್ಕಿಯವರು ಗುರುತಿಸಿದರು. ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪದ ಬಳಿ ನೇರವಾಗಿ ಅಳೆದು ರಾಬರ್ಟ್ ನಾಕ್ಸ್ 1976ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇದನ್ನು ಪುಷ್ಟೀಕರಿಸಿದವು. ದಾಖಲೆಯನ್ನು ಅದರ ಲೇಖಕನು ಉದ್ದೇಶಿಸದ ಪ್ರಶ್ನೆಗೂ ಉತ್ತರಿಸುವಂತೆ ಓದುವುದು ನಮ್ಮ ಶಾಸ್ತ್ರದ ಕ್ರಮವೂ ಹೌದಷ್ಟೆ.

ಆದರೆ ಸರಾಸರಿಯ ಚಿತ್ರಕ್ಕೆ ಮಿತಿಯುಂಟು. 1997ರಲ್ಲಿ ಭೂಮಧ್ಯರೇಖೆಯ ಮೇಲೆ ಗಾಳಿಯು ಪೂರ್ವದಿಂದ ಬೀಸಿದುದರಿಂದ ಶರತ್ಕಾಲದ ಪ್ರವಾಹವು ಕ್ಷೀಣಿಸಿತು. ಹಿಂದಿನ ಯಾವುದೋ ಒಂದು ವರ್ಷದ ಪ್ರಯಾಣಕ್ಕೆ ಸರಾಸರಿಯೇ ಸಾಕ್ಷಿಯಾಗಲಾರದು. ಇಂಡೊನೇಷ್ಯದ ಜನರು ಮಡಗಾಸ್ಕರಿಗೆ ಹೋಗಿ ನೆಲೆಸಿದುದನ್ನು ವಿವರಿಸಲು ಈ ಪ್ರವಾಹವನ್ನು ಕರೆತರುವುದಂತೂ ಅಸಂಗತ. ಅವರು ಹೋದುದು ಪಶ್ಚಿಮಕ್ಕೆ, ಇದು ಹರಿಯುವುದು ಪೂರ್ವಕ್ಕೆ.

ಪ್ರವಾಹವು ಪ್ರಯಾಣದ ಸಾಧ್ಯತೆಯನ್ನು ಹೇಳೀತು. ಪ್ರಯಾಣ ನಡೆದುದನ್ನು ಹೇಳಲು ಬೇರೆ ಪ್ರಮಾಣ ಬೇಕು. ಈ ಭೇದವನ್ನು ಮರೆಯದೆ, ವರ್ಷದ ಆ ನಾಲ್ಕು ತಿಂಗಳುಗಳನ್ನು ನಮ್ಮ ಪಾಠಗಳಿಗೆ ಮರಳಿ ಸೇರಿಸುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.