ಎಲ್ಲಿ ಸುಮ್ಮನಿದ್ದಾರೆ, ಕೇಳಿ

ಸಿನಿಮಾಕ್ಕೆ ಆಡಿಯೊ ಡಿಸ್ಕ್ರಿಪ್ಷನ್, ಅಂದರೆ ತೆರೆಯ ಮೇಲೆ ಕಾಣುವುದನ್ನು ಮಾತಿನಲ್ಲಿ ವಿವರಿಸುವ ದನಿ, ಇದ್ದರೆ ಸಾಕು, ಕಣ್ಣಿಲ್ಲದ ನಾವು ಕೈಮುಗಿದು ಕೇಳಿಕೊಂಡಿರಬೇಕು ಎಂದುಕೊಂಡವರೇ ಹೆಚ್ಚು. ಅದು ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ನಮ್ಮವರೂ ಕಡಿಮೆಯಿಲ್ಲ. ಸೀರೆಯ ಬಣ್ಣ, ಸೋಫಾದ ಹೂವು ಎಲ್ಲ ಒದರಿದರೆ ‘ಬಹಳ ಚೆನ್ನಾಗಿತ್ತು’ ಎನ್ನುತ್ತಾರೆ; ಎರಡು ಗಳಿಗೆ ದನಿ ನಿಂತರೆ ಇಯರ್‌ಫೋನ್ ಕೆಟ್ಟಿತೇನೋ ಎಂದು ತಟ್ಟುತ್ತಾರೆ.

ವಿವರಣೆಗಾರನ ಯೋಗ್ಯತೆ ಗೊತ್ತಾಗುವುದೇ ಆ ಮೌನದಲ್ಲಿ. ‘ತಿಥಿ’ ಸಿನಿಮಾದ ಆರಂಭ ನೆನಪಿಸಿಕೊಳ್ಳಿ. ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಆ ಬೈಗುಳದ ಮೇಲೆ ನಾನಾದರೆ ಒಂದು ಮಾತೂ ಹಾಕುವುದಿಲ್ಲ, ಆ ನಾಲಿಗೆಯಲ್ಲೇ ಮುದುಕ ಪೂರ್ತಿ ಇದ್ದಾನೆ. ಆಮೇಲೆ ಮೂತ್ರಕ್ಕೆಂದು ಏಳುತ್ತಾನೆ: ‘ಪಕ್ಕಕ್ಕೆ ಹೋಗುತ್ತಾನೆ.’ ಬಿದ್ದ ಕ್ಷಣಕ್ಕೆ ಸರಿಯಾಗಿ: ‘ಬೀಳುತ್ತಾನೆ.’ ಅಷ್ಟೇ. ‘ಸತ್ತ’ ಎಂದರೆ ಕೆಟ್ಟಿತು. ಊರಿಗೆ ಗೊತ್ತಾದಾಗ ನಮಗೂ ಗೊತ್ತಾಗಲಿ, ಅವಸರವೇನು?

ನನಗೆ ವಿವರಣೆಯ ಈ ಹುಚ್ಚು ಹತ್ತಿಸಿದ್ದು ‘ಡೇರ್‌ಡೆವಿಲ್’ ಸರಣಿ. ನಾಯಕನಿಗೇ ಕಣ್ಣಿಲ್ಲ, ಆದರೂ 2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ಅದಕ್ಕೆ ವಿವರಣೆಯೇ ಇರಲಿಲ್ಲ! ಅಂಧ ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಸೇರಿಸಿದರು. ಎರಡನೇ ಕಂತಿನಲ್ಲಿ ಕಾರಿಡಾರಿನೊಳಗೆ, ಎಲ್ಲೂ ಕಟ್ ಇಲ್ಲದಂತೆ ಸಾಗುವ ಹೊಡೆದಾಟವಿದೆ. ಬರೀ ಕೇಳಿದರೆ ಲಾರಿಯಿಂದ ಅಕ್ಕಿಮೂಟೆ ಇಳಿಸಿದ ಹಾಗೆ ಧಡ್ ಧಡ್. ಹೊಡೆಯುವವನೂ ಸುಸ್ತಾಗಿ ಗೋಡೆಗೆ ಒರಗುತ್ತಾನೆ, ತೂರಾಡುತ್ತಾನೆ ಎಂದು ವಿವರಣೆಯಿಂದ ತಿಳಿದಾಗಲೇ ಅವನ ಏದುಸಿರು ನನಗೆ ಕೇಳಿಸತೊಡಗಿದ್ದು. ಮೊದಲ ಸಲವೂ ಅದು ಅಲ್ಲೇ ಇತ್ತು.

ಇನ್ನು ನಮ್ಮ ಧಾರಾವಾಹಿಗಳು. ಅತ್ತೆಯ ಮುಖ ಗುಡುಗಿನ ಜೊತೆ ಮೂರು ಸಲ ಹತ್ತಿರ ಬರುತ್ತದೆ. ಅದಕ್ಕೆ ಗುಡುಗೇ ಸಾಕು.

ಕಾನೂನಿನ ಕಥೆ ಬೇಕಾದವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಡಿಯೊ ವಿವರಣೆಯ ಮಾತಿದೆ. 2023ರಲ್ಲಿ ದೆಹಲಿ ಹೈಕೋರ್ಟ್ ‘ಪಠಾಣ್’ ಸಿನಿಮಾದ ಒಟಿಟಿ ಬಿಡುಗಡೆಗೆ ವಿವರಣೆ ಸಿದ್ಧಪಡಿಸಿ ಎಂದಿತು. 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೂ ಕೇಂದ್ರದ ಮಾರ್ಗಸೂಚಿ ಬಂತು. ಇವೆಲ್ಲ ವಿವರಣೆ ಇರಬೇಕು ಎನ್ನುತ್ತವೆ; ಚೆನ್ನಾಗಿರಬೇಕು ಎಂದು ಗದರಿಸುವ ಕೆಲಸ ಕೇಳುಗರದ್ದು.

ಕಣ್ಣಿರುವ ಹೊಸಬರು ದಯವಿಟ್ಟು ಕಣ್ಣು ಮುಚ್ಚಿ ಕೂತು ‘ಅಬ್ಬಾ, ಎಷ್ಟು ಕಷ್ಟ’ ಎನ್ನಬೇಡಿ. ಕಣ್ಣು ಬಿಟ್ಟೇ ಕೇಳಿ. ತೆರೆಯ ಮೇಲಿದ್ದ ಏನನ್ನು ವಿವರಣೆಗಾರ ಹೇಳದೆ ಬಿಟ್ಟ, ಬಿಟ್ಟಿದ್ದು ಸರಿಯೇ ಎಂದು ಪಕ್ಕದಲ್ಲಿ ಕೂತ ನಮ್ಮೊಡನೆ ಜಗಳಕ್ಕೆ ಬನ್ನಿ.