‘ಆಯ್ಕೆ’ ಯಾರದು?

ಫ್ರೀ ಸ್ಕೂಲ್ ಎಂದರೆ ಬಿಟ್ಟಿ ಶಾಲೆ ಎಂದಲ್ಲ. ಸರ್ಕಾರದ ಹಣದಲ್ಲಿ, ಕೌನ್ಸಿಲ್ಲಿನ ಹಿಡಿತವಿಲ್ಲದೆ ನಡೆಯುವ ಶಾಲೆ. ಅಮೆರಿಕದ ಚಾರ್ಟರ್ ಶಾಲೆಗೆ ತಮ್ಮನಿದ್ದಂತೆ. ಇಂಗ್ಲೆಂಡಿನಲ್ಲಿ 2011ರಲ್ಲಿ ತೆರೆದ ಮೊದಲ 24ರಲ್ಲಿ ಕ್ಯಾನರಿ ವಾರ್ಫ್ ಕಾಲೇಜೂ ಒಂದು. ಹೆಸರು ಕಾಲೇಜು, ಆರಂಭವಾದದ್ದು ಪ್ರೈಮರಿ ಶಾಲೆಯಾಗಿ. ತರಗತಿಗೆ 20 ಮಕ್ಕಳು.

ಚಿಕ್ಕ ತರಗತಿ ಯಾರಿಗೆ ಬೇಡ? ನಮ್ಮ ತಕರಾರಿರುವುದು ‘ತಂದೆತಾಯಿಯರ ಆಯ್ಕೆ’ ಎಂಬ ಘೋಷಣೆಯ ಬಗ್ಗೆ. ಲಂಡನ್ನಿನ ಅರ್ಜಿಯಲ್ಲಿ ಆರು ಶಾಲೆಗಳ ಹೆಸರು ಬರೆಯುವ ಹಕ್ಕು ಎಲ್ಲರಿಗೂ ಇದೆ. ಆದರೆ ಆಫ್‌ಸ್ಟೆಡ್ ವರದಿ ಓದಿ, ಬೇಕಾದ ಶಾಲೆಯ ಹತ್ತಿರವೇ ಮನೆ ಹಿಡಿಯುವ ಶಕ್ತಿ ಇಲ್ಲಿನ ಗೋಪುರಗಳ ಬ್ಯಾಂಕಿನವರಿಗುಂಟು. ರಾತ್ರಿ ಅವನ್ನು ಗುಡಿಸುವವರಿಗಿಲ್ಲ. 2021ರ ಜನಗಣತಿಯಂತೆ ಟವರ್ ಹ್ಯಾಮ್ಲೆಟ್ಸ್‌ನ ಶೇ. 34.6 ಮಂದಿ ಬಾಂಗ್ಲಾದೇಶಿ ಮೂಲದವರು. ಬಡತನವೂ ಬಣ್ಣವೂ ಜೊತೆಗೂಡಿರುವ ಇಂಥ ಕಡೆ, ಬಣ್ಣದ ಮಾತೆತ್ತದೆಯೇ ಮಕ್ಕಳು ಬೇರೆಯಾಗಬಹುದು.

1997ರಲ್ಲಿ ಪರೀಕ್ಷಾ ಫಲಿತಾಂಶದಲ್ಲಿ ದೇಶಕ್ಕೇ ಕೊನೆಯದಾಗಿದ್ದ ಈ ಬರೋ, 2013ರ ಹೊತ್ತಿಗೆ ರಾಷ್ಟ್ರೀಯ ಸರಾಸರಿ ದಾಟಿತ್ತು. ಅದನ್ನು ಸಾಧಿಸಿದ್ದು ಕೌನ್ಸಿಲ್ಲಿನ ಜೊತೆ ಒಟ್ಟಾಗಿ ದುಡಿದ ಸಾಧಾರಣ ಶಾಲೆಗಳು; ಫ್ರೀ ಸ್ಕೂಲ್ ಬರುವ ಮೊದಲೇ ಆ ಏರಿಕೆ ಶುರುವಾಗಿತ್ತು.

ನಮ್ಮ ಮನೆಗಳಲ್ಲೂ ಶಾಲೆ ಹುಡುಕುವಾಗ ‘ಅಲ್ಲಿ ಎಂಥವರ ಮಕ್ಕಳು ಬರುತ್ತಾರೆ?’ ಎಂಬ ಪ್ರಶ್ನೆ ಬರುವುದುಂಟು. ಪಾಠ ಹೇಗೆ ಮಾಡುತ್ತಾರೆಂದು ಕೇಳೋಣ. ಮೊದಲ ಪ್ರಶ್ನೆಯನ್ನು ಬೇರೆಯವರು ಕೇಳಿದರೆ, ಅದರ ಉತ್ತರದಲ್ಲಿ ನಮ್ಮ ಮಕ್ಕಳೂ ಇರುತ್ತಾರೆ.